ಉಪರಾಜ್ಯಪಾಲರ ಪಕ್ಕದ ಕುರ್ಚಿ

ಹನ್ನೆರಡು ನಿಮಿಷ ಎಂದು ಬರೆದುಕೊಟ್ಟವನು ಅಶ್ವತ್ಥನೇ ಆಗಿದ್ದರಿಂದ ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ‘ಅತಿಥಿಗಳ ಪರಿಚಯ: ಉಪಾಧ್ಯಕ್ಷ ಶ್ರೀ ಅಶ್ವತ್ಥ’ ಎಂಬ ಸಾಲಿನ ಮುಂದೆ ಮೂರು ನಿಮಿಷ ಎಂದಿತ್ತು. ಯಾರೂ ನೋಡದ ಹೊತ್ತಿನಲ್ಲಿ ಅವನು ಅದನ್ನು ಅಳಿಸಿ ಹನ್ನೆರಡು ಮಾಡಿದ್ದ. ಆಮೇಲೆ ಆ ಪಟ್ಟಿ ಜಪಾನಿ ಭಾಷೆಗೆ ತರ್ಜುಮೆಯಾಗಿ, ರೈಲಿನಲ್ಲಿ ಎರಡು ಗಂಟೆ ದೂರದ ತೊಕಿವಾ ಪ್ರಾಂತ್ಯದ ಸರ್ಕಾರಿ ಕಚೇರಿಗೆ ಹೋಗಿ, ಅಲ್ಲಿ ಐದು ಜನರ ಮೊಹರು ಬಿದ್ದು ವಾಪಸು ಬಂತು. ಮೊಹರು ಬಿದ್ದ ನಿಮಿಷವನ್ನು ಜಪಾನಿನಲ್ಲಿ ಬದಲಾಯಿಸುವುದಕ್ಕಿಂತ ಫ್ಯೂಜಿ ಪರ್ವತವನ್ನು ನಾಲ್ಕಡಿ ಆಚೆ ಸರಿಸುವುದು ಸುಲಭ.

ಅಶ್ವತ್ಥನಿಗೆ ಹನ್ನೆರಡು ನಿಮಿಷ ಯಾಕೆ ಬೇಕಾಗಿತ್ತು ಎಂಬುದಕ್ಕೆ ಮೈಸೂರಿನ ಸರಸ್ವತಿಪುರಂವರೆಗೆ ಹೋಗಬೇಕು. ಅಲ್ಲಿ ಅವನ ತಾಯಿ ಜಯಮ್ಮ ಇದ್ದಾರೆ. ನಾಲ್ಕು ವರ್ಷದ ಹಿಂದೆ ಜಪಾನಿನ ಓಜಿಮಾದ ಸಿರಿಗನ್ನಡ ಬಳಗಕ್ಕೆ ತಾನು ಉಪಾಧ್ಯಕ್ಷನಾದೆನೆಂದು ಅವನು ಫೋನಿನಲ್ಲಿ ಹೇಳಿದಾಗ, ಆಕೆ ‘ಉಪ’ವನ್ನು ಮನೆಯಲ್ಲೇ ಬಿಟ್ಟು ‘ಅಧ್ಯಕ್ಷ’ನನ್ನು ಮಾತ್ರ ಬೀದಿಗೆ ಕೊಂಡೊಯ್ದಿದ್ದರು. ಎದುರುಮನೆ ವಿಶಾಲಾಕ್ಷಿಯ ಮಗ ಕೆನಡಾದಲ್ಲಿ ಏನೋ ಡೈರೆಕ್ಟರ್ ಆಗಿದ್ದದ್ದು ಅದಕ್ಕೆ ಕಾರಣ. ಆವತ್ತೇ ತಿದ್ದಿದ್ದರೆ ಮುಗಿದುಹೋಗುತ್ತಿತ್ತು. ಅಶ್ವತ್ಥ ತಿದ್ದಲಿಲ್ಲ. ತಿದ್ದದೆ ಬಿಟ್ಟ ಸುಳ್ಳು ನಾಲ್ಕು ವರ್ಷದಲ್ಲಿ ಬೆಳೆದು ದೊಡ್ಡದಾಗಿತ್ತು. ಈ ಭಾನುವಾರದ ರಾಜ್ಯೋತ್ಸವವನ್ನು ಲೈವ್‌ನಲ್ಲಿ ನೋಡಲು ಜಯಮ್ಮ ಬೀದಿಯ ಹನ್ನೊಂದು ಜನರನ್ನು ವಿಶಾಲಾಕ್ಷಿಯ ಮನೆಯ ದೊಡ್ಡ ಟೀವಿಯ ಮುಂದೆ ಕೂರಿಸುವವರಿದ್ದರು. “ನಡುವೆ ಕೂತಿರ್ತೀಯಲ್ಲ ಕಣೋ, ಹುಡುಕೋ ಹಾಗಿರಲ್ಲ” ಎಂದಿದ್ದರು.

ನಡುವೆ ಕೂರುವುದು ಅಧ್ಯಕ್ಷ ಬಾಲಸುಬ್ರಹ್ಮಣ್ಯ ಅವರ ಕೆಲಸ. ನಿಜ ಹೇಳಬೇಕೆಂದರೆ ಅವರಿಗಿದ್ದ ಕೆಲಸ ಅದೊಂದೇ. ಸಭಾಂಗಣ ಕಾದಿರಿಸುವುದು, ಬಿಸಿಬೇಳೆಬಾತಿಗೆ ಹೇಳುವುದು, ಮೈಕಿನ ವೈರು ಸಿಕ್ಕಿಸುವುದು, ಬಾಗಿಲ ಬಳಿ ಬಿಟ್ಟ ಚಪ್ಪಲಿಗಳನ್ನು ಜೋಡಿಸುವುದು, ಕೊನೆಯಲ್ಲಿ ನೂರು ಮಡಿಚುಕುರ್ಚಿಗಳನ್ನು ಮಡಿಚಿಡುವುದು, ಇವೆಲ್ಲ ಉಪಾಧ್ಯಕ್ಷನ ಪಾಲಿನವು. ನಾಲ್ಕು ವರ್ಷದ ಯಾವ ಫೋಟೋದಲ್ಲೂ ಅಶ್ವತ್ಥನ ಮುಖವಿಲ್ಲ. ಒಂದರಲ್ಲಿ ಮೊಣಕೈ ಇದೆ, ಅದರಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ತೂಗುತ್ತಿದೆ.

ಹೀಗಿದ್ದವನಿಗೆ ಈ ಸಲ ಅದೃಷ್ಟ ತಾನಾಗಿ ಒದಗಿಬಂದಿತ್ತು. ತೊಕಿವಾ ಪ್ರಾಂತ್ಯದವರಿಗೆ ಭಾರತೀಯ ಎಂಜಿನಿಯರುಗಳು ತಮ್ಮಲ್ಲಿಗೆ ಬಂದು ನೆಲೆಸಲೆಂದು ಆಸೆ. ಆ ನೆಪ ಹಿಡಿದು ಬಳಗದವರು ಅಲ್ಲಿನ ರಾಜ್ಯಪಾಲರನ್ನು ಕರೆದರು. ರಾಜ್ಯಪಾಲರಿಗೆ ಬಿಡುವಿಲ್ಲ, ಅವರ ಬದಲಿಗೆ ಉಪರಾಜ್ಯಪಾಲರು ಬರುತ್ತಾರೆ ಎಂದು ಉತ್ತರ ಬಂತು. ಉತ್ತರ ಬರೆದವರು ಮೊರಿತಾ-ಸಾನ್ ಎಂಬ ಅಧಿಕಾರಿ. ಕೊನೆಯಲ್ಲಿ ಅವರು ಒಂದು ವಿನಯದ ಸಾಲನ್ನೂ ಸೇರಿಸಿದ್ದರು: ವೇದಿಕೆಯ ಮೇಲೆ ಎರಡೇ ಕುರ್ಚಿಗಳಿರಲಿ, ಅತಿಥಿಗಳ ಪಕ್ಕದಲ್ಲಿ ಅವರಿಗೆ ಸರಿಸಮಾನ ಹುದ್ದೆಯವರು ಕೂರುವುದು ನಮ್ಮ ಪದ್ಧತಿ, ಆದ್ದರಿಂದ ತಮ್ಮ ಬಳಗದ ಉಪಾಧ್ಯಕ್ಷರು ಯಾರೆಂದು ದಯವಿಟ್ಟು ತಿಳಿಸುವುದು.

ಆ ಸಾಲನ್ನು ಅಶ್ವತ್ಥ ಆಫೀಸಿಗೆ ಹೋಗುವ ರೈಲಿನಲ್ಲಿ ನಿಂತುಕೊಂಡು ಏಳು ಸಲ ಓದಿದ, ಇಳಿಯುವ ಸ್ಟೇಷನ್ ತಪ್ಪಿತು.

ಬಾಲಸುಬ್ರಹ್ಮಣ್ಯ ಅವರು ಎರಡು ದಿನ ಯಾರ ಫೋನನ್ನೂ ತೆಗೆಯಲಿಲ್ಲ. ಮೂರನೆಯ ದಿನ ದೊಡ್ಡ ಮನಸ್ಸು ಮಾಡಿ, “ಕುರ್ಚಿ ನಿಮ್ಮದೇ, ಅಶ್ವತ್ಥ” ಎಂದರು. ಅದಾದ ಮೇಲೆ ದಿನಕ್ಕೊಂದು ಷರತ್ತು ಬಂತು. ಕುರ್ಚಿ ನಿಮ್ಮದು, ದೀಪ ಬೆಳಗುವುದು ನಾನು. ಸ್ವಾಗತ ಭಾಷಣ ನನ್ನದು. ಹಾರ ಹಾಕುವುದೂ ನಾನೇ, ಇಲ್ಲದಿದ್ದರೆ ಜನ ಏನಂದುಕೊಳ್ಳುತ್ತಾರೆ. ಮೈಸೂರು ಪೇಟ ಎರಡೇ ಇರುವುದರಿಂದ ಒಂದು ಅತಿಥಿಗೆ, ಇನ್ನೊಂದು ಅಳತೆಗೆ ಸರಿಯಾಗಿ ನನ್ನ ತಲೆಗೇ ಕೂರುತ್ತದೆ. ಭಾನುವಾರ ಬೆಳಗಾಗುವ ಹೊತ್ತಿಗೆ ಅಶ್ವತ್ಥನ ಪಾಲಿಗೆ ಉಳಿದದ್ದು ಕುರ್ಚಿ ಮತ್ತು ಆ ಹನ್ನೆರಡು ನಿಮಿಷ.

ಬೆಳಿಗ್ಗೆ ಏಳಕ್ಕೆ ಕಾರ್ಯದರ್ಶಿ ಅನಸೂಯಾ ಫೋನ್ ಮಾಡಿದರು. ಆಕೆ ಅಶ್ವತ್ಥನಿದ್ದ ಕಟ್ಟಡದ ಐದನೇ ಮಹಡಿಯವರು. ಬಳಗದ ನೂರು ಮನೆಗಳಲ್ಲಿ ಯಾವುದರಲ್ಲಿ ಇವತ್ತು ಯಾವ ಸಾರು ಎಂಬುದೂ ಆಕೆಗೆ ಗೊತ್ತಿರುತ್ತದೆ.

“ಅಶ್ವತ್ಥ ಅವ್ರೇ, ಗೆಸ್ಟ್ ಬಗ್ಗೆ ಪರಿಚಯ ರೆಡಿ ಇದೆಯಾ? ಹನ್ನೊಂದು ಗಂಟೆ ಒಳಗೆ ಮೊರಿತಾ-ಸಾನ್‌ಗೆ ಜಪಾನಿಯಲ್ಲಿ ಕಳಿಸ್ಬೇಕಂತೆ. ಅವ್ರು ಚೆಕ್ ಮಾಡ್ದೇ ಏನೂ ಓದೋ ಹಾಗಿಲ್ಲ.”

ಪರಿಚಯ ಅಂಗೈ ಅಗಲದ ಚೀಟಿಯಲ್ಲಿ ಸಿದ್ಧವಿತ್ತು. ಉಪರಾಜ್ಯಪಾಲರ ಬಗ್ಗೆ ಇಡೀ ಇಂಟರ್ನೆಟ್ಟಿನಲ್ಲಿದ್ದದ್ದು ಮೂರು ಸಾಲು. ಹುಟ್ಟಿದ್ದು ಅಲ್ಲಿಯೇ. ಹವ್ಯಾಸ ನಡೆಯುವುದು. ನೆಚ್ಚಿನ ಪದ ‘ಪ್ರಾಮಾಣಿಕತೆ’. ಅಶ್ವತ್ಥ ಸ್ಟಾಪ್‌ವಾಚ್ ಹಿಡಿದು, ನಡುವೆ ಎರಡು ಸಲ ಕೆಮ್ಮಿ, ಬಹಳ ನಿಧಾನವಾಗಿ ಓದಿದರೂ ನಲವತ್ತು ಸೆಕೆಂಡಿಗೆ ಮುಗಿದುಹೋಗಿತ್ತು. ಉಳಿದ ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡನ್ನು ಕಡಿಮೆ ಮಾಡಿಕೊಳ್ಳಬಹುದೇ ಎಂದು ಅವನು ಮೊರಿತಾ-ಸಾನ್‌ಗೆ ಫೋನ್ ಮಾಡಿ ಕೇಳಿದ. ಮೊರಿತಾ-ಸಾನ್ ಬಹಳ ಹೊತ್ತು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. ಜಪಾನಿನಲ್ಲಿ ಹಾಗೆ ಉಸಿರೆಳೆದುಕೊಂಡರೆ ಮಾತು ಮುಗಿಯಿತು ಎಂದೇ ಲೆಕ್ಕ. ಅತಿಥಿಗಳ ಕಾರು ಹೊರಡುವ ಹೊತ್ತು, ತಿರುಗುವ ರಸ್ತೆ, ಹಿಂತಿರುಗುವಾಗ ಅವರು ನೀರು ಕುಡಿಯುವ ಕ್ಷಣವೂ ಆ ಹನ್ನೆರಡು ನಿಮಿಷಕ್ಕೆ ಹೊಂದಿಕೊಂಡು ನಿಗದಿಯಾಗಿದೆ ಎಂದು ಅವರು ವಿವರಿಸಿದರು.

ಮತ್ತೆ ಫೋನ್ ಮಾಡಿದಾಗ ಅನಸೂಯಾ ದಾರಿ ತೋರಿಸಿದರು. ಆ ಮನುಷ್ಯನ ಬಗ್ಗೆ ಹೇಳಲು ಏನೂ ಇಲ್ಲದಿದ್ದರೆ ಆ ಹುದ್ದೆಯ ಬಗ್ಗೆ ಹೇಳಿ. ಮೊದಲನೆಯವರಿಂದ ಹಿಡಿದು ಇವರವರೆಗೆ ಪ್ರಾಂತ್ಯದ ಉಪರಾಜ್ಯಪಾಲರ ಇತಿಹಾಸವನ್ನೇ ಹೇಳಿಬಿಡಿ ಎಂದರು. ಹೇಳಿದವರು ಫೋನಿಟ್ಟು ಒಬ್ಬಟ್ಟು ತಟ್ಟಲು ಹೋದರು. ಮಾಡಬೇಕಾದವನು ಅಶ್ವತ್ಥ.

ಪ್ರಾಂತ್ಯದ ಜಾಲತಾಣದಲ್ಲಿ ಆ ಇತಿಹಾಸ ಇತ್ತೇನೋ ನಿಜ, ಆದರೆ ಇದ್ದದ್ದು ಜಪಾನಿ ಲಿಪಿಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಅದನ್ನು ಓದಬಲ್ಲವಳು ಆ ಮನೆಯಲ್ಲಿ ಹನ್ನೊಂದು ವರ್ಷದ ಮಗಳು ಶರಣ್ಯಾ ಒಬ್ಬಳೇ. ಅವಳು ಹಾಸಿಗೆಯಿಂದಲೇ “ಮೆಂಡೊಕುಸಾಯ್” ಎಂದಳು. ತಲೆನೋವಿನ ಕೆಲಸ ಎಂದು ಅದರರ್ಥ. ಆ ಮಾತು ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಸುತ್ತಿತ್ತು. ಕೊಂಬಿನಿ ಎಂಬ ಮೂಲೆಯಂಗಡಿಯ ಐಸ್‌ಕ್ರೀಮು ಎರಡು ಎಂದು ಮಾತಾಯಿತು. ಐದನೆಯ ಉಪರಾಜ್ಯಪಾಲರ ಹೊತ್ತಿಗೆ ಅದು ಐದಾಯಿತು.

ಅಶ್ವತ್ಥ ಬೇಸರದಿಂದಲೇ ಕೂತ. ಹದಿನಾರು ಜನ, ಎಪ್ಪತ್ತು ಚಿಲ್ಲರೆ ವರ್ಷ. ಮಗಳು ಓದಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು, ಅವನು ಬರೆದುಕೊಳ್ಳುತ್ತ ಹೋದ.

ಮೂರನೆಯವರು ಸುರಿಯುವ ಮಳೆಯಲ್ಲಿ ಒಂದು ಸೇತುವೆ ಉದ್ಘಾಟಿಸಿದರು, ಯಾಕೆಂದರೆ ರಾಜ್ಯಪಾಲರಿಗೆ ನೆಗಡಿಯಾಗಿತ್ತು. ಕಲ್ಲಿನ ಮೇಲೆ ರಾಜ್ಯಪಾಲರ ಹೆಸರಿದೆ. ಆರನೆಯವರ ಕಾಲದಲ್ಲಿ ಹಬ್ಬದ ಮೆರವಣಿಗೆಗೆ ಕುದುರೆ ಏರಬೇಕಿತ್ತು. ರಾಜ್ಯಪಾಲರಿಗೆ ಕುದುರೆಯೆಂದರೆ ಭಯ. ಉಪರಾಜ್ಯಪಾಲರು ಏರಿದರು, ಬಿದ್ದರು, ಕೈ ಮುರಿದುಕೊಂಡರು. ಮಾರನೆಯ ದಿನ ಪತ್ರಿಕೆಯಲ್ಲಿ ‘ರಾಜ್ಯಪಾಲರು ಅಪಾಯದಿಂದ ಪಾರು’ ಎಂದು ಬಂತು. ಒಂಬತ್ತನೆಯವರು ತಾವು ಹುದ್ದೆಗೆ ಬರುವ ಮೊದಲೇ ನಡೆದಿದ್ದ ತಪ್ಪುಗಳಿಗಾಗಿ ಪತ್ರಕರ್ತರ ಮುಂದೆ ಇಪ್ಪತ್ತಮೂರು ಸಲ ಸೊಂಟ ಬಗ್ಗಿಸಿ ಕ್ಷಮೆ ಕೇಳಿ, ಕೊನೆಗೆ ಸೊಂಟನೋವಿನಿಂದಲೇ ನಿವೃತ್ತರಾದರು. ಹನ್ನೊಂದನೆಯವರು ನಾಲ್ವರು ರಾಜ್ಯಪಾಲರ ಕೈಕೆಳಗೆ ಹತ್ತೊಂಬತ್ತು ವರ್ಷ ದುಡಿದರು, ನಾಲ್ವರೂ ‘ಮುಂದಿನ ಸಲ ನೀವೇ’ ಎಂದಿದ್ದರು.

ಇಲ್ಲಿಗೆ ಬರುವಾಗ ಅಶ್ವತ್ಥನ ಬೇಸರ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಕಾಫಿ ಆರಿಹೋಗಿತ್ತು. ಈ ಹದಿನಾರು ಜನರೂ ತನ್ನ ಚಿಕ್ಕಪ್ಪ ದೊಡ್ಡಪ್ಪಂದಿರು, ತಾನು ಇಷ್ಟು ವರ್ಷ ಅವರ ಮನೆಗೆ ಹೋಗದೆ ತಪ್ಪು ಮಾಡಿದೆ ಎಂದೆಲ್ಲ ಅನ್ನಿಸತೊಡಗಿತು.

ಹದಿನೈದನೆಯವರು ಒಬ್ಬ ಹೆಂಗಸು. ಆಕೆಯ ಬೀಳ್ಕೊಡುಗೆ ಸಮಾರಂಭಕ್ಕೆ ರಾಜ್ಯಪಾಲರಿಗೆ ಬರಲಾಗಲಿಲ್ಲ. ರಾಜ್ಯಪಾಲರು ಬರದಿದ್ದಲ್ಲಿ ಅವರ ಸಂದೇಶವನ್ನು ಉಪರಾಜ್ಯಪಾಲರು ಓದುವುದು ಪದ್ಧತಿ. ಆದ್ದರಿಂದ ಆಕೆ ಎದ್ದು ನಿಂತು, ಆಕೆಯ ಸೇವೆಯನ್ನು ಪ್ರಾಂತ್ಯ ಎಂದೂ ಮರೆಯುವುದಿಲ್ಲ ಎಂದು ರಾಜ್ಯಪಾಲರ ಪರವಾಗಿ ಓದಿ, ಕಾಗದ ಮಡಿಚಿ, ತಮಗೆ ತಾವೇ ಬಾಗಿ ವಂದಿಸಿ ಕೂತರು.

ಶರಣ್ಯಾ ಇದನ್ನು ಓದಿ, “ದಟ್ಸ್ ಸೋ ಸ್ಯಾಡ್, ಅಪ್ಪಾ” ಎಂದಳು. ಐಸ್‌ಕ್ರೀಮಿನ ಲೆಕ್ಕವನ್ನು ಅವಳು ಆಮೇಲೆ ಏರಿಸಲಿಲ್ಲ.

ಕಚೇರಿಯ ಕಾರಿಡಾರಿನಲ್ಲಿ ರಾಜ್ಯಪಾಲರೆಲ್ಲರ ತೈಲಚಿತ್ರಗಳಿವೆಯಂತೆ, ಜಾಲತಾಣದಲ್ಲಿ ಅವುಗಳ ಫೋಟೋ ಇತ್ತು. ಉಪರಾಜ್ಯಪಾಲರದ್ದು ಮೆಟ್ಟಿಲ ತಿರುವಿನಲ್ಲಿ, ಬೆಂಕಿ ಆರಿಸುವ ಸಿಲಿಂಡರಿನ ಪಕ್ಕ, ಒಂದು ಗುಂಪು ಫೋಟೋ. ಅಶ್ವತ್ಥ ಕಣ್ಣೊರೆಸಿಕೊಂಡು ಕೊನೆಯ ಸಾಲು ಬರೆದ: ‘ಈ ಎಪ್ಪತ್ತು ವರ್ಷಗಳಲ್ಲಿ ರಾಜ್ಯಪಾಲರ ಬದಲಿಗೆ ಉಪರಾಜ್ಯಪಾಲರು ಹೋದ ಸಮಾರಂಭಗಳಿಗೆ ಲೆಕ್ಕವಿಲ್ಲ. ಉಪರಾಜ್ಯಪಾಲರ ಬದಲಿಗೆ ರಾಜ್ಯಪಾಲರು ಹೋದ ಸಮಾರಂಭ ಒಂದೂ ಇಲ್ಲ.’ ಮಗಳು ಅದನ್ನೆಲ್ಲ ಜಪಾನಿಯಲ್ಲಿ ಟೈಪ್ ಮಾಡಿದಳು. ಹತ್ತೂ ಐವತ್ತೆಂಟಕ್ಕೆ ಮೇಲ್ ಹೋಯಿತು. ಓದಿ ನೋಡಿದರೆ ಸರಿಯಾಗಿ ಹನ್ನೆರಡು ನಿಮಿಷ.

“ರೀ, ಕುರ್ಚಿ ಯಾವಾಗ ತಗೊಂಡು ಹೋಗ್ತೀರ?” ಎಂದು ಹೆಂಡತಿ ನೀರಜಾ ಅಡಿಗೆಮನೆಯಿಂದ ಕೇಳಿದಳು.

ಕುರ್ಚಿಯದು ಇನ್ನೊಂದು ಕತೆ. ಸಭಾಂಗಣದಲ್ಲಿದ್ದದ್ದು ಅತಿಥಿಗೆ ಒಂದು ಸೋಫಾಕುರ್ಚಿ, ಮಿಕ್ಕಿದ್ದೆಲ್ಲ ಕಬ್ಬಿಣದ ಮಡಿಚುಕುರ್ಚಿ. ಸೋಫಾದ ಪಕ್ಕ ಮಡಿಚುಕುರ್ಚಿಯಲ್ಲಿ ಕೂತರೆ ಸರಸ್ವತಿಪುರಂ ಏನೆಂದುಕೊಳ್ಳಬೇಡ? ಅದಕ್ಕಾಗಿ ಅಶ್ವತ್ಥ ಮನೆಯಿಂದ ಕೆಲಸ ಮಾಡುವಾಗ ಕೂರುವ ತನ್ನದೇ ಕುರ್ಚಿಯನ್ನು ಒಯ್ಯಲು ನಿರ್ಧರಿಸಿದ್ದ. ಕಪ್ಪು ಬಣ್ಣ, ಎತ್ತರದ ಬೆನ್ನು, ಎರಡು ಕೈ, ಐದು ಚಕ್ರ. ಕಾರಿಲ್ಲ. ಟ್ಯಾಕ್ಸಿಯವನು ಕುರ್ಚಿಯನ್ನು ನೋಡಿ, “ಸುಮಿಮಾಸೆನ್” ಎಂದು ಕ್ಷಮೆ ಕೇಳಿ ಹೊರಟುಹೋದ. ಕೊನೆಗೆ ರೇಷ್ಮೆ ಪಂಚೆ, ಜರಿ ಶಲ್ಯ ತೊಟ್ಟ ಅಶ್ವತ್ಥ ಓಜಿಮಾದ ಫುಟ್‌ಪಾತಿನ ಮೇಲೆ ಕುರ್ಚಿಯನ್ನು ತಳ್ಳಿಕೊಂಡು ಹೊರಟ.

ಕಟ್ಟಡದ ಕೆಳಗೇ ಕುರೋದಾ-ಸಾನ್ ಅಡ್ಡ ಬಂದರು. ಎಪ್ಪತ್ತೆಂಟರ ಅಜ್ಜಿ. ಯಾವ ದಿನ ಯಾವ ಕಸ ಇಡಬೇಕು ಎಂಬುದನ್ನು ಇಡೀ ಕಟ್ಟಡಕ್ಕೆ ಕಲಿಸಿದವರು. ದೊಡ್ಡ ಸಾಮಾನು ಎಸೆಯಬೇಕಾದರೆ ಮೊದಲು ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡು, ಕೊಂಬಿನಿಯಲ್ಲಿ ಚೀಟಿ ಕೊಂಡು ಅಂಟಿಸಬೇಕು. ಚೀಟಿ ಎಲ್ಲಿ ಎಂದು ಅವರು ಕೇಳಿದರು. ಇದು ಕಸವಲ್ಲ, ಇದರ ಮೇಲೆ ತಾನು ಇವತ್ತು ಕೂರುವವನಿದ್ದೇನೆ ಎಂದು ಅಶ್ವತ್ಥ ತನಗೆ ಬಂದಷ್ಟು ಜಪಾನಿಯಲ್ಲಿ ಹೇಳಿದ. ಅಜ್ಜಿ ತಲೆಯಾಡಿಸಿದರು, ನಂಬಲಿಲ್ಲ. ಇವನು ಎಲ್ಲೋ ಕಾಲುವೆ ಬದಿಯಲ್ಲಿ ಇದನ್ನು ಬಿಸಾಡಿ ಬರುತ್ತಾನೆಂಬುದು ಅವರಿಗೆ ಖಾತ್ರಿಯಾಗಿತ್ತು. ಸಭಾಂಗಣದವರೆಗೆ ಹದಿನೈದು ನಿಮಿಷದ ದಾರಿ, ಹತ್ತು ಹೆಜ್ಜೆ ಹಿಂದೆಯೇ ಕೊಡೆ ಊರಿಕೊಂಡು ಬಂದರು. ಅವನು ಸಿಗ್ನಲ್ಲಿಗೆ ನಿಂತರೆ ಅವರೂ ನಿಂತರು. ಕೊನೆಗೆ ಸಭಾಂಗಣದಲ್ಲೂ ಚಪ್ಪಲಿ ಬಿಚ್ಚಿ ಒಳಗೆ ಬಂದು, ಕುರ್ಚಿ ಕಣ್ಣಿಗೆ ಬೀಳುವ ಹಾಗೆ ಕೊನೆಯ ಸಾಲಿನಲ್ಲಿ ಕೂತುಬಿಟ್ಟರು.

ಸಭಾಂಗಣದಲ್ಲಿ ಬಾಲಸುಬ್ರಹ್ಮಣ್ಯ ಅವರು ಆಗಲೇ ಪೇಟ ಧರಿಸಿ ಓಡಾಡುತ್ತಿದ್ದರು. ಬೆಂಕಿ ಹಚ್ಚುವ ಹಾಗಿಲ್ಲವೆಂಬ ನಿಯಮದಿಂದ ದೀಪಕ್ಕೆ ಬ್ಯಾಟರಿ ಬಂದಿತ್ತು. ಅವರು ಅದರ ಸ್ವಿಚ್ಚನ್ನು ಭಕ್ತಿಯಿಂದ ಒತ್ತಿ ಅಭ್ಯಾಸ ಮಾಡುತ್ತಿದ್ದರು. ಕುರ್ಚಿಯನ್ನು ನೋಡಿ, ಅದು ನಟ್ಟನಡುವೆ ಬೇಡ, ಆರು ಇಂಚು ಎಡಕ್ಕಿರಲಿ ಎಂದರು. ಎಡಕ್ಕೆ ಸರಿಸಿದರೆ ಚಕ್ರ ಉರುಳಿ ಎರಡಡಿ ಹೋಯಿತು. ಅಶ್ವತ್ಥ ಅದರ ಕಾಲಿಗೆ ಒಬ್ಬಟ್ಟಿನ ಡಬ್ಬಿ ಅಡ್ಡ ಕೊಟ್ಟ. ಅನಸೂಯಾ ಡಬ್ಬಿ ತೆಗೆದುಕೊಂಡು ಹೋದರು. ಕುರ್ಚಿ ಮತ್ತೆ ಉರುಳಿತು. ಇಷ್ಟೆಲ್ಲ ಆದರೂ ಅವನು ಸಿಟ್ಟಾಗಲಿಲ್ಲ. ಎರಡು ಗಂಟೆಗೆ ಸರಿಯಾಗಿ ಈ ಹಿಂಸೆಗೆಲ್ಲ ಬೆಲೆ ಸಿಗುವುದಿತ್ತು.

ಒಂದೂ ಮುಕ್ಕಾಲಿಗೆ ಅವನು ಕುರ್ಚಿಯಲ್ಲಿ ಕೂತು ನೋಡಿದ. ಎದುರಿಗೆ ಕಾಲು ಊರಿ ನಿಂತ ಲೈವ್ ಫೋನು, ಅದರಾಚೆ ಸಮುದ್ರಗಳು, ಅದರಾಚೆ ವಿಶಾಲಾಕ್ಷಿಯ ಟೀವಿ. ನೀರಜಾ ಫೋಟೋ ತೆಗೆಯಲಾ ಎಂದಳು. ಬೇಡ, ಅಮ್ಮ ಲೈವ್‌ನಲ್ಲೇ ನೋಡಲಿ ಎಂದ. ಆ ಒಂದು ಫೋಟೋ ತೆಗೆಸಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಬಹಳ ದಿನ ಕೊರಗಿದ.

ಒಂದೂ ಐವತ್ತಕ್ಕೆ ಕಪ್ಪು ಕಾರು ಬಂತು. ಮೊದಲು ಮೊರಿತಾ-ಸಾನ್ ಇಳಿದರು, ಇಳಿದವರು ಒಂದೇ ಸಮನೆ ಬಾಗತೊಡಗಿದರು. ಅವರ ಮುಖ ಸುಣ್ಣದ ಹಾಗಾಗಿತ್ತು. ಹಿಂದಿನ ಬಾಗಿಲಿನಿಂದ ಇಳಿದವರು ಬೆಳ್ಳಿಕೂದಲಿನ, ಎತ್ತರದ ಮನುಷ್ಯ. ಜಾಲತಾಣದಲ್ಲಿ ಕಂಡ ಉಪರಾಜ್ಯಪಾಲರ ಮುಖಕ್ಕೂ ಇವರಿಗೂ ಸಂಬಂಧವಿರಲಿಲ್ಲ. ಆದರೂ ಆ ಮುಖವನ್ನು ಅಶ್ವತ್ಥ ಆ ಬೆಳಿಗ್ಗೆಯೇ ಎಲ್ಲೋ ನೋಡಿದ್ದ. ಕಾರಿಡಾರಿನ ತೈಲಚಿತ್ರಗಳ ಸಾಲಿನಲ್ಲಿ, ಕೊನೆಯದು.

ಬಂದವರು ಸಾಕ್ಷಾತ್ ರಾಜ್ಯಪಾಲರು.

ಆದದ್ದನ್ನು ಮೊರಿತಾ-ಸಾನ್ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಅಶ್ವತ್ಥ ಕಳಿಸಿದ ಇತಿಹಾಸವನ್ನು ಪರಿಶೀಲಿಸುವ ಅಧಿಕಾರ ತಮಗಿದೆಯೋ ಇಲ್ಲವೋ ಎಂದು ಅವರಿಗೆ ಸಂಶಯ ಬಂತು. ಅವರು ಅದನ್ನು ಮೇಲಿನವರಿಗೆ ಕಳಿಸಿದರು. ಮೇಲಿನವರು ಓದಿ, ಮೊಹರು ಹಾಕಲು ಹೆದರಿ, ಅವರ ಮೇಲಿನವರಿಗೆ ಕಳಿಸಿದರು. ಹೀಗೆ ಭಾನುವಾರವೆಂದೂ ನೋಡದೆ ಅದು ಮನೆಮನೆ ಹತ್ತಿ, ಅರ್ಧ ಗಂಟೆಯೊಳಗೆ ಇನ್ನು ಮೇಲೆ ಹೋಗಲು ಯಾರೂ ಇಲ್ಲದಲ್ಲಿಗೆ ತಲುಪಿತು. ರಾಜ್ಯಪಾಲರು ಓದಿದರು. ಹದಿನೈದನೆಯವರ ಬೀಳ್ಕೊಡುಗೆಗೆ ಹೋಗದೆ ಉಳಿದವರು ಅವರೇ. ಆ ದಿನ ಅವರು ಗಾಲ್ಫ್ ಆಡಲು ಹೋಗಿದ್ದರು.

ರಾಜ್ಯಪಾಲರು ಅಶ್ವತ್ಥನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಮೊರಿತಾ-ಸಾನ್ ತರ್ಜುಮೆ ಮಾಡಿದರು: ನಿಮ್ಮ ಕೊನೆಯ ಸಾಲು ನನ್ನನ್ನು ಕೂರಗೊಡಲಿಲ್ಲ, ಎಪ್ಪತ್ತು ವರ್ಷದಲ್ಲಿ ಆಗದ್ದು ಇವತ್ತು ಆಗಲಿ ಎಂದುಕೊಂಡೆ, ಉಪರಾಜ್ಯಪಾಲರಿಗೆ ರಜೆ ಕೊಟ್ಟು ಅವರ ಬದಲಿಗೆ ನಾನೇ ಬಂದೆ, ಅವರು ಮನೆಯಲ್ಲಿ ನಡೆದಾಡುತ್ತಿದ್ದಾರೆ. ಅಶ್ವತ್ಥ ಜನ್ಮದಲ್ಲಿ ಇಷ್ಟು ಚೆನ್ನಾಗಿ ಇನ್ನೇನನ್ನೂ ಬರೆದಿರಲಿಲ್ಲ. ಅದೇ ಅವನಿಗೆ ಮುಳುವಾಯಿತು.

ಯಾಕೆಂದರೆ ಮೊರಿತಾ-ಸಾನ್ ಇನ್ನೊಂದು ಸಲ ಬಾಗಿ, ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, ಅತಿಥಿಗಳು ಈಗ ರಾಜ್ಯಪಾಲರಾದ್ದರಿಂದ ಪಕ್ಕದ ಕುರ್ಚಿಗೆ ಸರಿಸಮಾನರೆಂದರೆ, ಎಂದು ಮಾತು ಶುರುಮಾಡಿದರು. ಅವರು ಮುಗಿಸುವುದರೊಳಗೆ ವೇದಿಕೆಯ ಕಡೆಯಿಂದ ಚಕ್ರದ ಸದ್ದು ಕೇಳಿಸಿತು. ಬಾಲಸುಬ್ರಹ್ಮಣ್ಯ ಅವರು ಕುರ್ಚಿಯಲ್ಲಿ ಕೂತು, ಕಾಲಿನಿಂದ ತಳ್ಳಿಕೊಂಡು, ಅದನ್ನು ಆರು ಇಂಚು ಬಲಕ್ಕೆ, ನಟ್ಟನಡುವಿಗೆ ತಂದುಕೊಂಡಿದ್ದರು.

ಅಶ್ವತ್ಥನ ಹತ್ತಿರ ಇನ್ನೂ ಹನ್ನೆರಡು ನಿಮಿಷ ಉಳಿದಿತ್ತು. ಕುರ್ಚಿ ಇಲ್ಲದಿದ್ದರೂ ಮೈಕಿನ ಮುಂದೆ ನಿಂತಾದರೂ ಅಮ್ಮನಿಗೆ ಕಾಣಿಸಬಹುದು. ಅದನ್ನೂ ಬಾಲಸುಬ್ರಹ್ಮಣ್ಯ ಅವರ ಔದಾರ್ಯ ನುಂಗಿಹಾಕಿತು. ರಾಜ್ಯಪಾಲರ ಮಾತು ಕೇಳಿ ಅವರ ಹೃದಯವೂ ಕರಗಿತ್ತು. ಎಲ್ಲರೂ ಕೇಳುವ ಹಾಗೆ ಅವರು ಘೋಷಿಸಿದರು:

“ರಾಜ್ಯಪಾಲರೇ ಉಪರಾಜ್ಯಪಾಲರಿಗೆ ರಜಾ ಕೊಟ್ಟಿದಾರೆ ಅಂದ್ಮೇಲೆ ನಾನು ಕೊಡದೆ ಇರ್ತೀನಾ? ನಾಲ್ಕು ವರ್ಷದಿಂದ ದುಡಿದಿದೀರ ಅಶ್ವತ್ಥ. ಇವತ್ತು ನೀವೇನೂ ಮಾಡ್ಬಾರ್ದು. ಹೋಗಿ ಹಿಂದೆ ಆರಾಮಾಗಿ ಕೂತ್ಕೊಳ್ಳಿ.”

ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆಯೇ ಅನಸೂಯಾ ಅವನ ತೋಳು ಹಿಡಿದು ಕೊನೆಯ ಸಾಲಿಗೆ ಕರೆದೊಯ್ದು, ಕುರೋದಾ-ಸಾನ್ ಪಕ್ಕದ ಮಡಿಚುಕುರ್ಚಿಯಲ್ಲಿ ಕೂರಿಸಿದರು. ಲೈವ್ ಫೋನು ಅವನಿಗಿಂತ ಐದು ಸಾಲು ಮುಂದೆ, ಬೆನ್ನು ತಿರುಗಿಸಿ ನಿಂತಿತ್ತು.

ಕೂತ ಮೇಲೆ ನೆನಪಾಯಿತು, ಮೈಕಿನಿಂದ ಫೋನಿಗೆ ವೈರು ಸಿಕ್ಕಿಸಿಲ್ಲ. ಸರಿಯಾಗಿ ಎರಡು ಗಂಟೆಗೆ ಸಿಕ್ಕಿಸುತ್ತಿದ್ದವನು ಪ್ರತಿ ವರ್ಷವೂ ಅವನೇ. ಅವನು ಎದ್ದ. ವೇದಿಕೆಯಿಂದ ಬಾಲಸುಬ್ರಹ್ಮಣ್ಯ ಅವರು ಪ್ರೀತಿಯಿಂದ ಕೈಯಾಡಿಸಿ ಕೂರುವಂತೆ ಸನ್ನೆ ಮಾಡಿದರು. ಅವನು ವೈರು ಎಂದು ಬಾಯಿ ಆಡಿಸಿದ. ಅವರು ರಜಾ ಎಂದು ಬಾಯಿ ಆಡಿಸಿದರು. ಎರಡನೆಯ ಸಲ ಎದ್ದಾಗ ಅನಸೂಯಾ ಹಿಂದಿನಿಂದ ಬಂದು ಭುಜ ಒತ್ತಿ ಕೂರಿಸಿದರು. “ನೀವು ರಜಾದಲ್ಲಿದೀರ. ವೈರು ಗೀರು ಎಲ್ಲಾ ನಾವು ನೋಡ್ಕೋತೀವಿ” ಎಂದರು. ಯಾರೂ ನೋಡಿಕೊಳ್ಳಲಿಲ್ಲ.

ಅವನ ಹನ್ನೆರಡು ನಿಮಿಷವನ್ನು ರಾಜ್ಯಪಾಲರೇ ತೆಗೆದುಕೊಂಡರು. ಜೇಬಿನಿಂದ ಅಶ್ವತ್ಥನ ಇತಿಹಾಸವನ್ನು ತೆಗೆದು ಸೇತುವೆಯಿಂದ ಬೀಳ್ಕೊಡುಗೆಯವರೆಗೆ ಪೂರ್ತಿ ಓದಿದರು, ಮೊರಿತಾ-ಸಾನ್ ಇಂಗ್ಲಿಷಿನಲ್ಲಿ ಹೇಳಿದರು. ಸಭೆ ಕುದುರೆಗೆ ನಕ್ಕಿತು, ಹದಿನೈದನೆಯವರಿಗೆ ಮೂಗೊರೆಸಿಕೊಂಡಿತು. ನಡುವೆ ಕೂತ ಬಾಲಸುಬ್ರಹ್ಮಣ್ಯ ಅವರು ಪ್ರತಿ ಚಪ್ಪಾಳೆಗೂ ಪೇಟ ಬಾಗಿಸಿ ವಂದಿಸಿದರು. ಕುರೋದಾ-ಸಾನ್ ಮಾತ್ರ ಕುರ್ಚಿಯಿಂದ ಕಣ್ಣು ತೆಗೆಯದೆ, ನೀನು ಕೂರುತ್ತೇನೆ ಎಂದಿದ್ದೆಯಲ್ಲ ಎಂದು ಕೇಳಿದರು. ಅಶ್ವತ್ಥ ತಾನು ಕೂತಿದ್ದ ಮಡಿಚುಕುರ್ಚಿಯನ್ನು ತೋರಿಸಿದ.

ಸಭೆ ಮುಗಿದು ಜನ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ಫೋನ್ ಬಡಿದುಕೊಂಡಿತು. ಅಮ್ಮ. ಅವನು ಮೆಟ್ಟಿಲ ತಿರುವಿಗೆ ಹೋಗಿ ನಿಂತ. ಅಲ್ಲಿ ಗೋಡೆಗೆ ಒಂದು ಬೆಂಕಿ ಆರಿಸುವ ಸಿಲಿಂಡರ್ ಇತ್ತು. ನಾಲ್ಕು ವರ್ಷದ ಸುಳ್ಳನ್ನು ಇವತ್ತು ಒಪ್ಪಿಕೊಂಡುಬಿಡುವುದೇ ಸರಿ ಎಂದು ನಿಶ್ಚಯಿಸಿ, “ಅಮ್ಮಾ, ಒಂದು ವಿಷ್ಯ ಹೇಳ್ಬೇಕು” ಎಂದ.

“ನೀನೇನೂ ಹೇಳ್ಬೇಡ, ನಾನು ಎಲ್ಲಾ ಸರಿಮಾಡಿದೀನಿ” ಎಂದರು ಜಯಮ್ಮ. ಅವರ ದನಿ ಖುಷಿಯಾಗಿತ್ತು. “ಮಾತು ಒಂದಕ್ಷರ ಕೇಳಿಸ್ಲಿಲ್ಲ ಕಣೋ, ಬರೀ ಚಿತ್ರ. ನೋಡಿದ್ರೆ ನಡುವೆ ಯಾರೋ ದಪ್ಪಗೆ, ಪೇಟ ಹಾಕ್ಕೊಂಡು ಕೂತಿದಾನೆ. ನಿನ್ನ ಪತ್ತೆನೇ ಇಲ್ಲ. ವಿಶಾಲಾಕ್ಷಿ ಸುಮ್ನಿರ್ತಾಳಾ, ಎಲ್ರಿ ನಿಮ್ಮ ಅಧ್ಯಕ್ಷ ಅಂದ್ಲು. ನಾನಂದೆ, ಇಂಥ ಸಣ್ಣಪುಟ್ಟ ಫಂಕ್ಷನ್ನಿಗೆಲ್ಲ ಅಧ್ಯಕ್ಷರು ತಾವೇ ಬರ್ತಾರೇನ್ರೀ, ಉಪಾಧ್ಯಕ್ಷನ್ನ ಕಳಿಸ್ತಾರೆ, ಅಲ್ಲಿ ಕೂತಿರೋನು ನಮ್ಮ ಅಶ್ವತ್ಥನ ಕೈಕೆಳಗಿನೋನು ಅಂತ. ಬಾಯಿ ಮುಚ್ಕೊಂಡ್ಲು.”

ಅಶ್ವತ್ಥ ಗೋಡೆಗೆ ಒರಗಿದ. ಅಮ್ಮ ಇಷ್ಟು ಸಂತೋಷದಿಂದ ಮಾತಾಡಿ ಎಷ್ಟು ದಿನವಾಗಿತ್ತೋ ಅವನಿಗೇ ನೆನಪಿರಲಿಲ್ಲ. ಹೋಗಲಿ, ಹೇಗೋ ಮಾನ ಉಳಿಯಿತು ಎಂದು ಅವನು ಉಸಿರುಬಿಟ್ಟ.

“ಇನ್ನೊಂದು” ಎಂದರು ಜಯಮ್ಮ. “ವಿಶಾಲಾಕ್ಷಿ, ಅವಳ ಯಜಮಾನ್ರು ಜಪಾನ್ ಟೂರಿಗೆ ಬರ್ತಿದಾರಂತೆ, ಬರೋ ತಿಂಗ್ಳು ಹದಿನಾಲ್ಕಕ್ಕೆ. ನಿಮ್ಮ ಮಗ ಏರ್‌ಪೋರ್ಟಿಗೆ ಬರ್ತಾನಾ ಅಂದ್ಲು. ಅವನ್ಯಾಕೆ ಬರ್ಬೇಕು, ಉಪಾಧ್ಯಕ್ಷನ್ನ ಕಳಿಸ್ತಾನೆ ಅಂದೆ. ಈಗ ನೀನು ಬರೋ ಹಾಗಿಲ್ಲ, ಬಂದ್ರೆ ನನ್ನ ಮಾತು ಹೋಗತ್ತೆ. ಆ ದಪ್ಪಗಿರೋನಿಗೆ ಹೇಳು, ಮರೀದೆ ಪೇಟ ಹಾಕ್ಕೊಂಡೇ ಬರ್ಲಿ, ಇವ್ರಿಗೆ ಗುರುತು ಸಿಗತ್ತೆ. ಸಾಮಾನು ಸ್ವಲ್ಪ ಜಾಸ್ತಿ ಇರತ್ತಂತೆ, ಎತ್ತೋಕೂ ಆಯ್ತು.”

ಫೋನಿಟ್ಟು ಅಶ್ವತ್ಥ ಒಳಗೆ ಬಂದಾಗ ರಾಜ್ಯಪಾಲರ ಕಾರು ನಿಗದಿಯಾದ ನಿಮಿಷಕ್ಕೆ ಸರಿಯಾಗಿ ಹೊರಟುಹೋಗಿತ್ತು. ಸಭಾಂಗಣದ ಕೀಲಿಯನ್ನು ಐದು ಗಂಟೆಯೊಳಗೆ ಒಪ್ಪಿಸಬೇಕಿತ್ತು, ನೂರು ಮಡಿಚುಕುರ್ಚಿಗಳು ಬಿಚ್ಚಿದ ಹಾಗೇ ಕಾಯುತ್ತಿದ್ದವು. ಬಾಲಸುಬ್ರಹ್ಮಣ್ಯ ಅವರು ಕೊನೆಯ ಫೋಟೋ ಮುಗಿಸಿ, ಕಪ್ಪು ಕುರ್ಚಿಯಿಂದ ಎದ್ದು, ಅದರ ಬೆನ್ನನ್ನು ಮೆಲ್ಲಗೆ ತಟ್ಟಿದರು.

“ರಜಾ ಮುಗೀತು ಅಶ್ವತ್ಥ. ನಾನು ಅವತ್ತೇ ಹೇಳಿದ್ನಲ್ಲ, ಕುರ್ಚಿ ನಿಮ್ಮದೇ, ತಗೊಂಡು ಹೋಗಿ.”

ಬಾಗಿಲಲ್ಲಿ ಕುರೋದಾ-ಸಾನ್ ಕೊಡೆ ಹಿಡಿದು, ಹಿಂದೆಯೇ ಬರಲು ಸಿದ್ಧರಾಗಿ ನಿಂತಿದ್ದರು. ಅಶ್ವತ್ಥ ಕುರ್ಚಿಯ ಎರಡೂ ಕೈ ಹಿಡಿದುಕೊಂಡ, ಆದರೆ ತಳ್ಳಲಿಲ್ಲ. ಅಧ್ಯಕ್ಷರು ಪೇಟ ತೆಗೆದು ಡಬ್ಬಿಯೊಳಗಿಡುವುದನ್ನೇ ನೋಡುತ್ತ ನಿಂತ. ಏನಾದರೂ ಹೇಳುವುದಿತ್ತೇ ಎಂದು ಅವರು ಕೇಳಿದರು.

“ಸರ್” ಎಂದ ಅಶ್ವತ್ಥ, “ಬರೋ ತಿಂಗಳು ಹದಿನಾಲ್ಕಕ್ಕೆ ನೀವು ಫ್ರೀ ಇದೀರಾ?”